ಬಿಳಿಯ ಕೆಳಗಿನ ಹನ್ನೆರಡು ಸಾಲು

ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳಲು ಶುರುಮಾಡಿದರೆ ನಾನು ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: ಆಗ ಗಂಟೆ ಎಷ್ಟಾಗಿತ್ತು? ಹೆಚ್ಚಿನವರ ಬಳಿ ಉತ್ತರ ಇರುತ್ತಿರಲಿಲ್ಲ. ಗಂಟೆ ಗೊತ್ತಿಲ್ಲದ, ಲೆಕ್ಕಕ್ಕೆ ಸಿಗದ ಮಾತನ್ನು ನಾನು ನಂಬುತ್ತಿರಲಿಲ್ಲ. ನಂಬದೆ ಸುಮ್ಮನಿದ್ದಿದ್ದರೆ ಸಾಕಿತ್ತು, ಎದುರಿಗೇ ನಗುತ್ತಿದ್ದೆ. ಈಗ ಬರೆಯುತ್ತಿರುವ ಸಂಗತಿಯಲ್ಲಿ ಗಂಟೆ ಇದೆ, ನಿಮಿಷ ಇದೆ, ಎಣಿಕೆಯೂ ಇದೆ. ಎಲ್ಲವೂ ನನ್ನದೇ ಕೈಬರಹದಲ್ಲಿವೆ. ಆದರೂ ಅದು ಹೇಗಾಯಿತೆಂದು ನಾನು ಹೇಳಲಾರೆ. ನಡೆದದ್ದು ರಾತ್ರಿಯಲ್ಲ, ಒಂದು ಭಾನುವಾರದ ಮಧ್ಯಾಹ್ನ, ಬಾಗಿಲು ತೆರೆದಿಟ್ಟ ಪಡಸಾಲೆಯಲ್ಲಿ.

ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ನನ್ನ ಕೆಲಸ. ಯಾವ ಕೋಣೆಯಲ್ಲಿ ಎಷ್ಟು ಚೀಲ ಮೆಣಸಿನಕಾಯಿ ಇದೆ, ತಾಸಿಗೊಮ್ಮೆ ಥರ್ಮಾಮೀಟರು ಏನು ತೋರಿಸುತ್ತದೆ ಎಂದು ಬರೆದಿಡುವುದು. ದಿನವೂ ನಮ್ಮೂರು ಕುಪ್ಪೇಲೂರಿನಿಂದ ಬಸ್ಸಿನಲ್ಲಿ ರಾಣೆಬೆನ್ನೂರಿಗೆ, ಅಲ್ಲಿಂದ ರೈಲಿನಲ್ಲಿ ಬ್ಯಾಡಗಿಗೆ. ರೈಲು ತಡವಾದ ನಿಮಿಷಗಳೂ ನನ್ನ ಡೈರಿಯಲ್ಲಿರುತ್ತವೆ. ಈ ಚಟ ನೌಕರಿಯಿಂದ ಬಂದದ್ದಲ್ಲ. ಹಚ್ಚಿದವರು ನನ್ನ ಸೋದರಮಾವ, ವೀರಭದ್ರ ಮಾಮಾ.

ಮಾಮಾ ಗೋಡೆ ಪೇಂಟರ್. ರಾಣೆಬೆನ್ನೂರಿನ ಬೀಜದ ಕಂಪನಿಗಳ ಜಾಹೀರಾತನ್ನು ಹಳ್ಳಿಗಳ ಗೋಡೆಗಳ ಮೇಲೆ ಬರೆಯುತ್ತಿದ್ದರು. ಆಳೆತ್ತರದ ಮೆಣಸಿನಕಾಯಿ, ಎತ್ತಿನ ತಲೆಯಷ್ಟು ದೊಡ್ಡ ಬದನೆಕಾಯಿ. ನಾನು ಸಣ್ಣವಳಿದ್ದಾಗ ರಜೆಯಲ್ಲಿ ಅವರ ಜೊತೆ ಹೋಗುತ್ತಿದ್ದೆ. ನೀಲಿ ಪುಡಿಯಲ್ಲಿ ಅದ್ದಿದ ದಾರವನ್ನು ಗೋಡೆಯ ಆ ತುದಿಯಲ್ಲಿ ನಾನು, ಈ ತುದಿಯಲ್ಲಿ ಅವರು ಎಳೆದು ಹಿಡಿಯುತ್ತಿದ್ದೆವು. ಅವರು ನಡುವೆ ಎಳೆದು ಬಿಟ್ಟರೆ ಟಪ್ಪೆಂದು ನೇರ ಗೆರೆ ಮೂಡುತ್ತಿತ್ತು. ಸಾಲು ಎಣಿಸುವುದು ನನ್ನ ಕೆಲಸ. ಒಮ್ಮೆ ಕಂಪನಿಯವರು ಗಿಡದಲ್ಲಿ ಕಾಯಿ ಇನ್ನಷ್ಟು ಹೆಚ್ಚಿಗೆ ಬರೆಯಲು ಹೇಳಿದಾಗ ಮಾಮಾ ಹೊಲಕ್ಕೆ ಹೋಗಿ ಗಿಡದ ಮುಂದೆ ಕುಕ್ಕರಗಾಲಲ್ಲಿ ಕುಳಿತು ಎಣಿಸಿ ಬಂದರು. ಎಷ್ಟಿದ್ದವೋ ಅಷ್ಟೇ ಬರೆದರು. ಆಮೇಲೆ ಆ ಕಂಪನಿ ಅವರನ್ನು ಕರೆಯಲಿಲ್ಲ. ಕೊನೆಗೆ ಫ್ಲೆಕ್ಸ್ ಬಂದು ಉಳಿದವರೂ ಕರೆಯುವುದನ್ನು ನಿಲ್ಲಿಸಿದರು.

ಕಡಲಿನ ಸದ್ದು ಅವರ ಬದುಕಿಗೆ ಬಂದದ್ದು ನನ್ನ ಮೊಬೈಲಿನಿಂದ. ಕಾಲೇಜಿನ ಗೆಳತಿ ರೇಣುಕಾ ಕಾರವಾರದ ಕಡೆ ದೋಣಿಯಲ್ಲಿ ಹೋಗಿ, ನೀರೊಳಗೆ ಮೈಕು ಇಳಿಬಿಟ್ಟು ಜಲಚರಗಳ ಸದ್ದು ರೆಕಾರ್ಡ್ ಮಾಡುವ ಕೆಲಸಕ್ಕೆ ಸೇರಿದ್ದಳು. ಅವಳು ಕಳಿಸಿದ ಒಂದು ತುಣುಕನ್ನು ಮಾಮಾನ ಮನೆಯ ಕಟ್ಟೆಯ ಮೇಲೆ ಕುಳಿತು ಕೇಳುತ್ತಿದ್ದೆ. ಡಾಲ್ಫಿನ್ನುಗಳು ಸಿಳ್ಳೆ ಹಾಕುತ್ತಿದ್ದವು. ಹಿಂದೆ ಸೀಗಡಿಗಳು ಒಗ್ಗರಣೆಗೆ ಸಾಸಿವೆ ಸಿಡಿದಂತೆ ಚಟಚಟ ಅನ್ನುತ್ತಿದ್ದವು. ಮಾಮಾ ಅದನ್ನು ಒಂಬತ್ತು ಸಲ ಹಾಕಿಸಿಕೊಂಡು ಕೇಳಿದರು. ಒಂಬತ್ತನೆಯ ಸಲ ಎದ್ದು ಸುಣ್ಣದ ತುಂಡಿನಿಂದ ಕಟ್ಟೆಯ ಮೇಲೆ ಒಂದು ಗೆರೆ ಎಳೆದರು. ಮೇಲೇರಿ, ಬಾಗಿ, ತುದಿಯಲ್ಲಿ ಸೀಳಿದ ಗೆರೆ.

"ಇದೇನು ಮಾಮಾ, ಮೀನೇನು?"

"ಮೀನಲ್ಲವಾ, ಅದರ ಸಿಳ್ಳಿ. ಮೀನು ಯಾರ ಬೇಕಾದ್ರೂ ಬರೀತಾರ."

ಅಲ್ಲಿಂದ ಎರಡು ವರ್ಷ ಅವರು ಬರೆದದ್ದು ಇದನ್ನೇ. ಕಡಲನ್ನು ಅವರು ಕಣ್ಣಿಂದ ಕಂಡವರಲ್ಲ. ಚಿತ್ರದಲ್ಲಿ ಮೀನಿಲ್ಲ, ಅಲೆಯಿಲ್ಲ, ನೀರೂ ಇಲ್ಲ. ಬೋರ್ಡು ಬರೆಯುವವರ ಹಾಗೆ ಎಡದಿಂದ ಬಲಕ್ಕೆ, ಸಾಲಿನ ಕೆಳಗೆ ಸಾಲು. ಒಂದು ಸಾಲಿಗೆ ಒಂದು ನಿಮಿಷ. ಸಿಳ್ಳೆಗೆ ನೀಲಿಯ ಬಾಗು, ಸೀಗಡಿಗೆ ಬಿಳಿ ಚುಕ್ಕೆ, ಗುಂಪಾಗಿ ಗುಡುಗುಟ್ಟುವ ಮೀನಿಗೆ ಕಪ್ಪು ಪಟ್ಟಿ. ದಪ್ಪ ದನಿಗೆಂದು ಅವರು ಬೇರೆಯೇ ಬಣ್ಣ ಮಾಡಿಕೊಂಡಿದ್ದರು. ಬ್ಯಾಡಗಿ ಮೆಣಸಿನಕಾಯಿಯ ಸಿಪ್ಪೆಯನ್ನು ಅಗಸಿ ಎಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಕುದಿಸಿ ಸೋಸಿದ ಕೆಂಪು. ಕುದಿಸುವ ದಿನ ಓಣಿಯವರೆಲ್ಲ ಸೀನುತ್ತಿದ್ದರು. "ಗೋಡಿ ಬಿಟ್ಟು ಮೀನಿನ ಗೊರಕಿ ಬರಿಯಾಕ ಹತ್ಯಾನ ಪೇಂಟರ್" ಎಂದು ಚಹಾದಂಗಡಿಯಲ್ಲಿ ನಗುತ್ತಿದ್ದರು. ನನಗೆ ಮಾತ್ರ ಆ ಸಾಲುಗಳ ಮುಂದೆ ನಿಂತರೆ ಎದೆ ತುಂಬುತ್ತಿತ್ತು. ರೆಕಾರ್ಡ್ ಕೇಳುತ್ತ ಬೆರಳಿಟ್ಟು ಓದಿದರೆ ಎಲ್ಲವೂ ಅಲ್ಲೇ ಇರುತ್ತಿತ್ತು. ಒಂದು ಸಿಳ್ಳೆ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಮೂರು ವರ್ಷದ ಹಿಂದೆ ಹಾವೇರಿಯಲ್ಲಿ ಜಿಲ್ಲೆಯ ಕಲಾವಿದರ ಪ್ರದರ್ಶನವೊಂದು ಏರ್ಪಟ್ಟಿತು. ಮಾಮಾನ ಒಂದು ಚಿತ್ರಕ್ಕೆ ಜಾಗ ಸಿಕ್ಕಿತು. ತಮ್ಮದು ಹುಚ್ಚಲ್ಲ, ಕಸುಬು ಎಂದು ನಾಲ್ಕು ಜನರ ಎದುರು ತೋರಿಸಲು ಅವರಿಗೆ ಸಿಕ್ಕ ಒಂದೇ ಅವಕಾಶ ಅದು. ಚಿತ್ರದ ಕೆಳಗೆ ಹಾಕುವ ಚೀಟಿಯಲ್ಲಿ ಒಂದೇ ವಾಕ್ಯ ಇರಬೇಕೆಂದು ನನಗೆ ಮೊದಲೇ ಹೇಳಿದ್ದರು: ಈ ಚಿತ್ರದಲ್ಲಿ ಕೇಳಿದ್ದಷ್ಟೇ ಇದೆ.

ರೇಣುಕಾ ಹೊಸ ರೆಕಾರ್ಡೊಂದನ್ನು ಕಳಿಸಿದಳು. ಮೂವತ್ತೊಂದು ನಿಮಿಷದ್ದು. ಇಪ್ಪತ್ತು ನಿಮಿಷ ತುಂಬ ಚೆನ್ನಾಗಿತ್ತು. ಇಪ್ಪತ್ತೊಂದನೆಯ ನಿಮಿಷ ಶುರುವಾಗುತ್ತಲೇ ಹತ್ತಿರದಲ್ಲಿ ದೋಣಿಯ ಇಂಜಿನ್ ಹೊಡೆದುಕೊಳ್ಳತೊಡಗಿತು. ಇನ್ನು ಕೊನೆಯವರೆಗೂ ಇದೇ ಎಂದುಕೊಂಡು, ಮುಂದೆ ಕೇಳದೆ, ಇಪ್ಪತ್ತು ನಿಮಿಷಕ್ಕೆ ಸರಿಯಾಗಿ ಕತ್ತರಿಸಿದೆ. ಮೊಬೈಲಿನಲ್ಲಿ ಜಾಗ ಸಾಲದೆ ಮೂಲವನ್ನು ಅಳಿಸಿದೆ. ತಾಸಿಗೊಮ್ಮೆ ಥರ್ಮಾಮೀಟರು ನೋಡುವ ನಾನು ಆ ಹನ್ನೊಂದು ನಿಮಿಷ ಕೇಳಲಿಲ್ಲ. ಕತ್ತರಿಸಿದ ತುಂಡನ್ನು ಸಣ್ಣ ಸ್ಪೀಕರಿಗೆ ಹಾಕಿ ಮಾಮಾನಿಗೆ ಕೊಟ್ಟೆ. ಅವರ ಬಳಿ ಇದ್ದದ್ದು ಬಟನ್ ಫೋನು, ಬೇರೆ ದಾರಿಯಿಂದ ಅವರಿಗೆ ಏನೂ ಬರುವಂತಿರಲಿಲ್ಲ. ಹದಿನಾಲ್ಕು ಸಲ ಕೇಳಿದರೆಂದು ಡೈರಿಯಲ್ಲಿದೆ.

ಚಿತ್ರ ದೊಡ್ಡದು. ಗೋಣಿತಟ್ಟುಗಳನ್ನು ಹೊಲಿದು ಜೋಡಿಸಿ ಬಿಳಿ ಬಳಿದು ಮಾಡಿದ ಹಾಸು (ಮಾಮಾ ಅದಕ್ಕೆ ಅರಿವಿ ಎನ್ನುತ್ತಿದ್ದರು) ಅವರ ಮನೆಯ ಗೋಡೆಗೆ ಹಿಡಿಸುತ್ತಿರಲಿಲ್ಲ. ನಮ್ಮ ಕೋಲ್ಡ್ ಸ್ಟೋರೇಜಿನ ಮುಂದಿನ ಪಡಸಾಲೆಯ ಗೋಡೆ ಎತ್ತರವಿದೆ. ಮಳೆಗಾಲದಲ್ಲಿ ಹೊಸ ಚೀಲ ಬರುವುದಿಲ್ಲ, ಭಾನುವಾರ ಹಮಾಲರೂ ಇರುವುದಿಲ್ಲ. ಮಾಲೀಕರನ್ನು ಕೇಳಿ ಒಪ್ಪಿಸಿದೆ. ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ತಂಪಿನ ಮಷೀನು ನಿಲ್ಲಿಸುವುದು ರೂಢಿ. ಆ ಒಂದು ತಾಸು ಅಲ್ಲಿ ಕಿವಿ ಗುಂಯ್ಗುಡುವಷ್ಟು ಶಾಂತ.

ದಾರ ಹೊಡೆಯುವಾಗಲೇ ಒಂದು ಸಂಗತಿ ಕಣ್ಣಿಗೆ ಬಿತ್ತು. ಇಪ್ಪತ್ತು ಸಾಲು ಸಾಕಿತ್ತು. ಮಾಮಾ ಮೂವತ್ತೆರಡು ಹೊಡೆಸಿದರು.

"ಇಷ್ಟ್ಯಾಕ?"

"ಅರಿವಿ ಉಳೀತೈತಲ್ಲ. ಇರ್ಲಿ ಹಿಡಿ."

ಅವರು ಕೆಲಸ ಮಾಡುವಾಗ ಯಾರೂ ಮಾತಾಡುವಂತಿಲ್ಲ. ನಿಮಿಷ ತುಂಬಿದಾಗಲೆಲ್ಲ ನಾನು ಬಣ್ಣದ ಡಬ್ಬಿಗೆ ಪೆನ್ಸಿಲಿನಿಂದ ಒಂದು ಏಟು ಹಾಕಬೇಕು, ಅವರು ಕೆಳಗಿನ ಸಾಲಿಗೆ ಇಳಿಯಬೇಕು. ಮುಗಿದಾಗ ಎರಡು ಏಟು. ಮೂರು ಗಂಟೆ ಐದು ನಿಮಿಷಕ್ಕೆ ಸ್ಪೀಕರ್ ಹಚ್ಚಿದೆ. ಬಾಗಿಲ ಹೊರಗೆ ಖಾಲಿ ಚೀಲಗಳ ಮೇಲೆ ಹಮಾಲ ಫಕ್ಕೀರಪ್ಪ ಕುಳಿತಿದ್ದ. ಅವತ್ತು ಕಾವಲು ಅವನದು. ಸಿಳ್ಳೆ ಶುರುವಾದೊಡನೆ, "ಅಕ್ಕಾರ, ಒಳಗ ನಾಟಕ ಹಚ್ಚೀರೇನು?" ಎಂದು ಕೂಗಿದ. ನಾನು ಬೆರಳು ತುಟಿಯ ಮೇಲಿಟ್ಟು ತೋರಿಸಿದೆ.

ಐವತ್ತಾರು ವರ್ಷದ ಆ ಮನುಷ್ಯ ಬರೆಯುವುದನ್ನು ನೀವು ನೋಡಬೇಕಿತ್ತು. ಏಣಿಯ ಮೇಲೆ ಎಡಗೈಯಲ್ಲಿ ನಾಲ್ಕು ಬ್ರಷ್ಷು, ಬಲಗೈಯಲ್ಲಿ ಒಂದು. ಸಿಳ್ಳೆ ಮೇಲೇರಿದಂತೆ ಕೈ ಏರುತ್ತಿತ್ತು. ಸಿಳ್ಳೆ ಮುರಿದ ಕಡೆ ಬ್ರಷ್ಷು ನಿಲ್ಲುತ್ತಿತ್ತು. ಒಮ್ಮೆಯೂ ಹಿಂದೆ ಹೋಗಿ ತಿದ್ದಲಿಲ್ಲ. ಹತ್ತನೆಯ ಸಾಲಿಗೆ ಏಣಿ ಬಿಟ್ಟು ಸ್ಟೂಲಿಗೆ ಬಂದರು, ಹದಿನಾರಕ್ಕೆ ನೆಲಕ್ಕಿಳಿದರು. ನಾನು ಏಟು ಹಾಕುತ್ತ ಪ್ರತಿ ಸಾಲಿನ ಗೆರೆಗಳನ್ನು ಡೈರಿಯಲ್ಲಿ ಗುರುತು ಹಾಕಿಕೊಳ್ಳುತ್ತಿದ್ದೆ.

ಮೂರೂ ಇಪ್ಪತ್ತೈದಕ್ಕೆ ಸ್ಪೀಕರ್ ನಿಂತಿತು. ನಾನು ಎರಡು ಏಟು ಹಾಕಿದೆ. ಮಾಮಾ ನಿಲ್ಲಲಿಲ್ಲ. ಇಪ್ಪತ್ತೊಂದನೆಯ ಸಾಲಿಗೆ ಇಳಿದರು. "ಮಾಮಾ, ಮುಗೀತು" ಎಂದೆ, ಮೆಲ್ಲಗೆ. ಅವರು ಕಿವಿಯನ್ನು ಸ್ವಲ್ಪ ಗೋಡೆಯ ಕಡೆ ವಾಲಿಸಿ, ಬೂದು ಬಣ್ಣದ ಒತ್ತೊತ್ತಾದ ಗೀಟುಗಳನ್ನು ಎಳೆಯತೊಡಗಿದರು. ಕೆಲಸಕ್ಕೆ ಅಡ್ಡಿ ಬೇಡವೆಂದು ಮತ್ತೆ ಕರೆಯಲಿಲ್ಲ. ಅಂಚಿಗೆ ಏನೋ ಶೃಂಗಾರ ಮಾಡುತ್ತಿದ್ದಾರೆ ಎಂದುಕೊಂಡೆ. ಆದರೂ ಗುರುತು ಹಾಕುವುದನ್ನು ಕೈ ಬಿಡಲಿಲ್ಲ. ಮೂರು ಸಾಲು ಬೂದು. ಆಮೇಲೆ ಮೂರು ಸಾಲು ಅವರು ಏನೂ ಬರೆಯಲಿಲ್ಲ. ಬ್ರಷ್ಷನ್ನು ಹಾಸಿನಿಂದ ಒಂದು ಬೆರಳು ದೂರ ಹಿಡಿದು ಎಡದಿಂದ ಬಲಕ್ಕೆ ಮೂರು ಸಲ ನಿಧಾನಕ್ಕೆ ಸರಿಸಿದರು, ಅಷ್ಟೇ. ಆಮೇಲೆ ಅದುವರೆಗೆ ಮುಟ್ಟದಿದ್ದ ಮೆಣಸಿನಕಾಯಿ ಕೆಂಪಿಗೆ ದೊಡ್ಡ ಬ್ರಷ್ಷು ಅದ್ದಿದರು. ಇಪ್ಪತ್ತೇಳನೆಯ ಸಾಲಿನಲ್ಲಿ ಮೂರು ದಪ್ಪ ಗೆರೆ. ಮುಂದಿನೆರಡರಲ್ಲಿ ಐದೈದು. ಅದರ ಮುಂದಿನೆರಡರಲ್ಲಿ ನಾಲ್ಕು ನಾಲ್ಕು. ಮೂವತ್ತೆರಡನೆಯ ಸಾಲಿನಲ್ಲಿ ಒಂದೇ ಒಂದು, ಎಡದ ಅಂಚಿನಲ್ಲಿ. ಒಟ್ಟು ಇಪ್ಪತ್ತೆರಡು. ಬ್ರಷ್ಷು ಕೆಳಗಿಟ್ಟಾಗ ಮೂರೂ ಮೂವತ್ತೇಳು. ನಾನು ಏಟು ಹಾಕದಿದ್ದರೂ ಪ್ರತಿ ಸಾಲಿಗೆ ಅವರು ತೆಗೆದುಕೊಂಡದ್ದು ಒಂದೇ ನಿಮಿಷ.

ಈ ನಡುವೆ, ಮೂರೂ ಮೂವತ್ತಮೂರಕ್ಕೆ, ಫಕ್ಕೀರಪ್ಪ ಹೊರಗಿನಿಂದ ಮತ್ತೆ ಕೂಗಿದ್ದ. "ಅಕ್ಕಾರ, ಈಗೇನು ಎಮ್ಮಿ ತಂದು ಕಟ್ಟೀರೇನು ಒಳಗ?" ನನಗೆ ನಗು ಬಂತು. ಅವನ ಚೇಷ್ಟೆ ಎಂದು ಹೊತ್ತು ಹಾಕಿ ಬರೆದುಕೊಂಡೆ. ಸ್ಪೀಕರ್ ನಿಂತು ಎಂಟು ನಿಮಿಷವಾಗಿತ್ತು. ಆಗ ನನಗೆ ಅದು ಹೊಳೆಯಲಿಲ್ಲ.

ಎರಡು ದಿನ ಬಿಟ್ಟು ಚೀಟಿ ಬರೆಯಲು ಕುಳಿತೆವು. ಅಷ್ಟರಲ್ಲಿ ನಾನು ಇಪ್ಪತ್ತು ಸಾಲನ್ನೂ ರೆಕಾರ್ಡಿನ ಜೊತೆ ಹೋಲಿಸಿ ನೋಡಿದ್ದೆ. ಅರವತ್ನಾಲ್ಕು ಸಿಳ್ಳೆ, ಅರವತ್ನಾಲ್ಕು ನೀಲಿ ಬಾಗು. ಇಂಥ ಕೈಯನ್ನು ನಾನು ಇನ್ನೊಂದು ಕಂಡಿಲ್ಲ ಎಂದು ಡೈರಿಯಲ್ಲಿ ಬರೆದಿದ್ದೇನೆ. ಅದಕ್ಕೇ ಕೆಳಗಿನ ಹನ್ನೆರಡು ಸಾಲು ನನ್ನನ್ನು ಇನ್ನೂ ಹೆಚ್ಚು ಚುಚ್ಚಿದವು.

"ಮಾಮಾ, 'ಕೇಳಿದ್ದಷ್ಟೇ ಇದೆ' ಅಂತ ಹೆಂಗ ಬರೀಲಿ? ಕೆಳಗಿನ ಹನ್ನೆರಡು ಸಾಲು ರೆಕಾರ್ಡಿನಾಗ ಇಲ್ಲ."

"ಇಲ್ಲಂದ್ರ? ಕೇಳೇ ಬರದೇನಲ್ಲ."

"ಇಪ್ಪತ್ತಕ್ಕ ನಿಂತೈತಿ. ನಾನಽ ಕತ್ತರಿಸೇನಿ, ನನಗ ಗೊತ್ತಿಲ್ಲೇನು? ಯಾರರ ಹೋಲಿಸಿ ನೋಡಿದ್ರ ಇಡೀ ಚಿತ್ರಾನ ಸುಳ್ಳು ಅಂತಾರ."

ಮಾಮಾ ನನ್ನ ಮುಖ ನೋಡಿದರು. ಸಿಟ್ಟಿರಲಿಲ್ಲ. ತಮ್ಮ ಕಿವಿಯನ್ನು ತಾವೇ ಅನುಮಾನಿಸುವವರ ಮುಖ ಅದು. ಬಿಳಿ ಬಣ್ಣದ ಡಬ್ಬಿ ತೆರೆದರು.

"ನೀ ಎಣಿಸೀದಿ ಅಂದಮ್ಯಾಲ ಮುಗೀತು ಬಿಡವಾ" ಎಂದರು.

ಹನ್ನೆರಡು ಸಾಲಿನ ಮೇಲೂ ಬಿಳಿ ಹೊಡೆದರು. ಒಣಗಿದ ಮೇಲೆ ಮತ್ತೊಂದು ಸಲ ಹೊಡೆದರು. ನಾನು ಪಕ್ಕದಲ್ಲೇ ನಿಂತು ನೋಡಿದೆ. ಸರಿಯಾದ ಕೆಲಸ ಮಾಡಿಸಿದೆ ಎಂಬ ಸಮಾಧಾನವೂ ಇತ್ತು. ಆ ಸಾಲುಗಳ ಒಂದು ಫೋಟೋ ಕೂಡ ತೆಗೆದಿರಲಿಲ್ಲ. ಬೇಡದ್ದನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳುವ ಅಭ್ಯಾಸ ನನಗಿಲ್ಲ.

ಹಾವೇರಿಯ ಪ್ರದರ್ಶನಕ್ಕೆ ರೇಣುಕಾ ಕಾರವಾರದಿಂದ ಬಂದಳು. ಮಾಮಾನನ್ನು ಅವಳು ನೋಡಿದ್ದು ಅವತ್ತೇ ಮೊದಲು. ಮಾಮಾ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಚಿತ್ರದ ಪಕ್ಕ ಗೋಡೆಗೆ ಆನಿಸಿದ ಏಣಿಯ ಹಾಗೆ ನಿಂತಿದ್ದರು. ಜನ ಬಂದು ನಿಲ್ಲುತ್ತಿದ್ದರು. ಬೆಳಿಗ್ಗೆ ಹನ್ನೊಂದರಿಂದ ಸಂಜೆ ಐದರವರೆಗೆ ನೂರಾ ಹದಿನೆಂಟು ಮಂದಿ ನಿಂತರು. ಸುಮ್ಮನೆ ದಾಟಿ ಹೋದವರನ್ನು ನಾನು ಎಣಿಸಿಲ್ಲ. ಕಿವಿಗೆ ರೆಕಾರ್ಡ್ ಹಚ್ಚಿಕೊಂಡು ಬೆರಳಿನಿಂದ ಸಾಲು ಓದಿದ ಒಬ್ಬ ಹೆಂಗಸು ತಿರುಗಿ ಮಾಮಾನಿಗೆ ಕೈಮುಗಿದಳು. ಮಾಮಾ ಗಲಿಬಿಲಿಗೊಂಡು, "ಕುಂದರ್ರಿ" ಎಂದುಬಿಟ್ಟರು. ಅಲ್ಲಿ ಕೂರಲು ಕುರ್ಚಿಯೇ ಇರಲಿಲ್ಲ.

ರೇಣುಕಾ ಮೇಲಿಂದ ಕೆಳಗೆ ನಿಧಾನಕ್ಕೆ ನೋಡುತ್ತ ಬಂದು ಬಿಳಿಯ ಹತ್ತಿರ ನಿಂತಳು.

"ಅಯ್ಯ, ಕಡೀಕಿನ್ದು ಯಾಕ ಬಿಟ್ರಿ ಕಾಕಾರ? ಇಡೀ ರೆಕಾರ್ಡಿನಾಗ ಅದಽ ಅಲ್ಲೇನು ಬಂಗಾರ! ತಿಮಿಂಗಿಲ ಕೂಗೈತಿ. ನಾ ಈ ಕೆಲಸಕ್ಕ ಸೇರಿದಾಗಿಂದ ಕೇಳಿದ್ದು ಅದೊಂದಽ ಸಲ."

ಮಾಮಾ ಬಿಳಿಯ ಕಡೆ ತಿರುಗಿದರು. ನನ್ನ ಕಡೆ ನೋಡಲಿಲ್ಲ. ನಾನು ರೇಣುಕಾಳ ಮೊಬೈಲು ಕಸಿದುಕೊಂಡಂತೆ ತೆಗೆದುಕೊಂಡು, ಇಯರ್‌ಫೋನ್ ಹಾಕಿ, ಇಪ್ಪತ್ತನೆಯ ನಿಮಿಷದಿಂದ ಹಚ್ಚಿದೆ. ಮೊಣಕಾಲ ಮೇಲೆ ಡೈರಿ ತೆರೆದಿಟ್ಟುಕೊಂಡು ಆ ಸಭಾಂಗಣದ ಮೆಟ್ಟಿಲ ಮೇಲೆ ಕುಳಿತೆ.

ಇಂಜಿನ್ ಮೂರು ನಿಮಿಷ ಹೊಡೆದುಕೊಂಡು ನಿಂತಿತು. ಮೂರು ನಿಮಿಷ ಏನೂ ಇಲ್ಲ, ಸೀಗಡಿಯ ಚಟಚಟವೂ ಇಲ್ಲ. ಆಮೇಲೆ ಬಹಳ ಆಳದಿಂದ ಅದು ಬಂತು. ಹಸಿದ ಎಮ್ಮೆ ಕೊಟ್ಟಿಗೆಯಿಂದ ಉದ್ದಕ್ಕೆ ಎಳೆದು ಕೂಗಿದ ಹಾಗೆ, ಆದರೆ ಅದಕ್ಕಿಂತ ತುಂಬ ದೊಡ್ಡದು. ಮೊದಲ ನಿಮಿಷ ಮೂರು ಸಲ. ನಂತರ ಐದು. ಮತ್ತೆ ಐದು. ನಾಲ್ಕು. ನಾಲ್ಕು. ಮೂವತ್ತೊಂದನೆಯ ನಿಮಿಷ ತುಂಬಿದ ತಕ್ಷಣ ಕಟ್ಟಾಯಿತು. ಬ್ಯಾಟರಿ ಮುಗಿದಿತ್ತಂತೆ. ಡೈರಿಯಲ್ಲಿ ನನ್ನ ಪೆನ್ಸಿಲಿನ ಗುರುತು: ಬೂದು ಮೂರು ಸಾಲು, ಖಾಲಿ ಮೂರು ಸಾಲು, ಕೆಂಪು ಮೂರು, ಐದು, ಐದು, ನಾಲ್ಕು, ನಾಲ್ಕು. ಕೊನೆಗೆ ಒಂದು. ಅದರ ಕೆಳಗೆ, 'ಫಕ್ಕೀರಪ್ಪನ ಎಮ್ಮೆ, 3:33.' ಮೂರು ಸಲ ಕೇಳಿದೆ. ಮೂರು ಸಲವೂ ಅಷ್ಟೇ.

ಮರುದಿನ ಫಕ್ಕೀರಪ್ಪನನ್ನು ಕೇಳಿದೆ. "ಮತ್ತ ಕೂಗಿತ್ತಲ್ರೀ ಅಕ್ಕಾರ. ನಿಮ್ಮ ಡಬ್ಬ್ಯಾಗ ಹಚ್ಚೀರಿ ಅಂತ ಮಾಡಿದ್ದೆ" ಎಂದ, ಇದರಲ್ಲಿ ಕೇಳುವುದೇನಿದೆ ಎಂಬಂತೆ. ಪಡಸಾಲೆಯ ಒಳಗೂ ಹೊರಗೂ ಸೇರಿ ಅವತ್ತು ಇದ್ದವರು ಮೂವರು. ಕೇಳಿಸದೆ ಇದ್ದವಳು ನಾನೊಬ್ಬಳೇ.

ಮಾಮಾನ ಮನೆಗೆ ಹೋಗಿ ಕಾಲು ಹಿಡಿಯಲು ಬಗ್ಗಿದೆ. ಅವರು ಭುಜ ಹಿಡಿದು ಎಬ್ಬಿಸಿದರು.

"ಮಾಮಾ, ಸ್ಪೀಕರ್ ನಿಂತಿತ್ತು. ನಿಮಗ ಹೆಂಗ ಕೇಳಿಸ್ತು?"

"ನಿಂತಿದ್ದು ನನಗೆಲ್ಲಿ ಗೊತ್ತವಾ? ನಡದಿತ್ತಲ್ಲ. ನೀ ಯಾಕ ಏಟು ಹಾಕೋದು ಬಿಟ್ಟೆ ಅಂತಷ್ಟಽ ಅನಿಸ್ತು."

"ಬಿಳಿ ಕೆರೆದು ತೆಗೀಲೇನು? ಇಲ್ಲಾ ಅಂದ್ರ ಮತ್ತೊಮ್ಮೆ ಬರೀರಿ. ಈಗ ಪೂರ್ತಿ ರೆಕಾರ್ಡು ಐತಿ."

ಅವರು ತಲೆಯಾಡಿಸಿದರು. "ಕೆರೆದ್ರ ಅರಿವಿ ಹರೀತೈತಿ. ಮತ್ತ ಬರದ್ರ ಅದು ನೋಡಿ ಬರದಂಗ ಆಗ್ತೈತಿ, ಕೇಳಿ ಬರದಂಗ ಆಗಂಗಿಲ್ಲ. ಇರ್ಲಿ ಬಿಡು. ಅದನ್ನ ಬ್ಯಾಡಗಿಗೆ ಒಯ್ದು ಒಳಗ ಇಡು."

ಚಿತ್ರವನ್ನು ಕೋಲ್ಡ್ ಸ್ಟೋರೇಜಿನಲ್ಲಿ ಇಡುವುದೆಂದರೆ ಬೇರೆ ಊರಿನವರು ನಗಬಹುದು. ನಮ್ಮಲ್ಲಿ ಅದು ಸಹಜ. ಮೆಣಸಿನಕಾಯಿಯ ಕೆಂಪು ಮಾಸದಿರಲಿ ಎಂದೇ ಅಲ್ಲವೇ ಜನ ಚೀಲಗಳನ್ನು ಅಲ್ಲಿ ತಂದಿಡುವುದು? ಎರಡನೆಯ ಕೋಣೆಯ ಕೊನೆಯ ಗೋಡೆಗೆ, ಕತ್ತಲಲ್ಲಿ, ಅದನ್ನು ಸುತ್ತದೆ ನೇತುಹಾಕಿದೆ.

ನಾನು ಎಲ್ಲ ದಾರಿಗಳನ್ನೂ ಯೋಚಿಸಿದ್ದೇನೆ. ರೇಣುಕಾ ಮೊದಲೇ ಅವರಿಗೆ ಕೇಳಿಸಿರಬಹುದೇ? ಇಲ್ಲ, ಇಬ್ಬರೂ ಭೇಟಿಯಾದದ್ದೇ ಹಾವೇರಿಯಲ್ಲಿ. ನಾನು ಕತ್ತರಿಸಿದ ತುಂಡು ಇನ್ನೂ ಆ ಸ್ಪೀಕರಿನಲ್ಲಿದೆ, ಇಪ್ಪತ್ತು ನಿಮಿಷಕ್ಕೆ ಸರಿಯಾಗಿ ನಿಲ್ಲುತ್ತದೆ. ಹತ್ತಿರದಲ್ಲಿ ನಿಜವಾದ ಎಮ್ಮೆ ಕೂಗಿರಬಹುದು, ಆದರೆ ಮೂರು, ಐದು, ಐದು, ನಾಲ್ಕು, ನಾಲ್ಕು ಎಂದು ನಿಮಿಷ ತಪ್ಪದೆ ಕೂಗುವ ಎಮ್ಮೆ ಬ್ಯಾಡಗಿಯಲ್ಲಿ ಇಲ್ಲ. ಕಾಕತಾಳೀಯ ಎನ್ನುವವರಿದ್ದಾರೆ. ಮೊದಲಾಗಿದ್ದರೆ ನಾನೂ ಹಾಗೇ ಅನ್ನುತ್ತಿದ್ದೆ. ಚಿತ್ರದಲ್ಲಿದ್ದದ್ದಕ್ಕೆ ಸಾಕ್ಷಿ ಎಂದರೆ ನನ್ನ ಡೈರಿಯೊಂದೇ, ಅದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಚಿತ್ರ ಇಟ್ಟ ಐದನೆಯ ತಿಂಗಳು, ಚೀಲ ಎಣಿಸಲು ಟಾರ್ಚ್ ಹಿಡಿದು ಒಳಗೆ ಹೋದಾಗ, ಬಿಳಿಯ ಮೇಲೆ ಗುಲಾಬಿ ನೆರಳೊಂದು ಕಂಡಿತು. ಎಣ್ಣೆಯ ಕೆಂಪು ಬಿಳಿಯನ್ನು ಹಾದು ಮೇಲೆ ಬರುತ್ತದೆಂದು ಯಾವ ಪೇಂಟರನ್ನು ಕೇಳಿದರೂ ಹೇಳುತ್ತಾನೆ, ಅದರಲ್ಲಿ ವಿಚಿತ್ರವಿಲ್ಲ. ಆದರೆ ಅವು ಒಟ್ಟಿಗೆ ಬರಲಿಲ್ಲ. ಇಪ್ಪತ್ತೇಳನೆಯ ಸಾಲಿನ ಮೂರು ಮೊದಲು, ಆಮೇಲೆ ಐದು, ಆಮೇಲೆ ಐದು, ಕೂಗಿದ ಕ್ರಮದಲ್ಲೇ. ತಿಂಗಳ ಮೊದಲ ದಿನ ಹೋಗಿ ಎಣಿಸಿ ಬರೆಯುತ್ತೇನೆ. ಕಳೆದ ತಿಂಗಳಿಗೆ ಇಪ್ಪತ್ತೊಂದೂ ಬಂದಿವೆ. ಮಾಮಾನನ್ನು ಕರೆದೊಯ್ದು ತೋರಿಸಿದೆ. ಸ್ವೆಟರ್ ಹಾಕಿಕೊಂಡು, ಕೈ ಕಟ್ಟಿಕೊಂಡು ನಿಂತು ನೋಡಿದರು. "ನನ್ನ ಕೈಗಿಂತ ಛಲೋ ಬರದೈತಿ" ಎಂದರು.

ಇಪ್ಪತ್ತೆರಡನೆಯದು ಬಾಕಿ ಇದೆ. ರೆಕಾರ್ಡು ಮುಗಿದ ಮೇಲಿನದು, ರೇಣುಕಾಳ ಮೈಕಿಗೂ ಸಿಗದ್ದು, ಮಾಮಾ ಮಾತ್ರ ಕೇಳಿದ್ದು. ಅದನ್ನು ಹೋಲಿಸಲು ನನ್ನ ಬಳಿ ಏನೂ ಇಲ್ಲ. ನಾಡಿದ್ದು ಒಂದನೆಯ ತಾರೀಖು. ಮೂರು ಗಂಟೆಗೆ ಮಷೀನು ನಿಲ್ಲಿಸಿದ ಮೇಲೆ ಟಾರ್ಚು, ಡೈರಿ ಹಿಡಿದು ಹೋಗುತ್ತೇನೆ. ಈಚೆಗೆ ಎಣಿಸಿ ಮುಗಿದ ಕೂಡಲೇ ಹೊರಗೆ ಬರುವುದಿಲ್ಲ. ಟಾರ್ಚ್ ಆರಿಸಿ, ಆ ಕಡೆ ಕಿವಿ ಮಾಡಿ, ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಎಷ್ಟು ಹೊತ್ತು ಎಂದು ಬರೆದಿಟ್ಟಿಲ್ಲ.